ಮೇಷ್ಟ್ರನ್ನು ಕೇಳಿ: ನಾಟಕ ಮುಗೀತು, ತಂಡ ಎಲ್ಲಿ ಹೋಯ್ತು?

(ದಾವಣಗೆರೆ ಸುತ್ತಮುತ್ತ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಓದುಗರಿಗೆ ಉತ್ತರಿಸುತ್ತಾರೆ.)

ಮೇಷ್ಟ್ರೇ, ನಾನು ಬ್ಯಾಂಕ್ ಉದ್ಯೋಗಿ. ನಮ್ಮ ಬಡಾವಣೆಯವರು ಸೇರಿ ಒಂದು ಸಂಗೀತ ನಾಟಕ ಆಡಿದೆವು. ನಾನು ಹಿಂದೆ ನಿಂತು ಒಟ್ಟಿಗೆ ಹಾಡುವ ಮೇಳದಲ್ಲಿದ್ದೆ. ತಾಲೀಮಿನ ದಿನಗಳಲ್ಲಿ ಒಬ್ಬರನ್ನು ಬಿಟ್ಟು ಒಬ್ಬರು ಇರುತ್ತಿರಲಿಲ್ಲ. ಈಗ ವಾಟ್ಸಾಪ್ ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹೂವು. ಆ ಪ್ರೀತಿಯೆಲ್ಲ ಸುಳ್ಳಾ?
– ಓದುಗಿ, ವಿದ್ಯಾನಗರ, ದಾವಣಗೆರೆ

ಸುಳ್ಳಲ್ಲ ತಾಯಿ. ಕೆಲಸ ಇದ್ದಾಗ ಇತ್ತು, ಕೆಲಸ ಮುಗಿಯಿತು, ಅಷ್ಟೇ.

ಮೇಳದಲ್ಲಿ ನಿಂತವರು ನೀವು, ನಿಮಗೇ ಗೊತ್ತಿರಬೇಕು. ಉದ್ದನೆಯ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತಗೊಂಡರೆ ಹಾಡು ಅಲ್ಲೇ ತುಂಡಾಗುತ್ತದೆ. ಅದಕ್ಕೇ ನಾನು ಎಡಗಡೆಯವರಿಗೆ ಒಂದು ಜಾಗ, ಬಲಗಡೆಯವರಿಗೆ ಇನ್ನೊಂದು ಜಾಗ ಅಂತ ಉಸಿರು ಹಂಚಿಕೊಡುತ್ತೇನೆ. ನೀವು ಉಸಿರೆಳೆಯುವಾಗ ಪಕ್ಕದವಳು ಹಾಡುತ್ತಿರುತ್ತಾಳೆ. ಅವಳು ಬಿಟ್ಟಾಗ ನೀವು ಹಿಡಿದಿರುತ್ತೀರಿ. ಮೊದಮೊದಲು ಇದನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಅವಳ ಹೆಗಲು ಮೇಲೆದ್ದದ್ದು ಕಣ್ಣಂಚಿಗೆ ಕಂಡರೆ ಸಾಕು. ಗಂಡ ಹೆಂಡತಿ ಕೂಡ ಒಬ್ಬರನ್ನೊಬ್ಬರು ಇಷ್ಟು ಗಮನಿಸಲ್ಲ ಬಿಡಿ.

ಒಂದು ಪ್ರದರ್ಶನದಲ್ಲಿ ನಾಯಕಿಗೆ ಎರಡನೇ ಚರಣ ಮರೆತೇ ಹೋಯಿತು. ಬಾಯಿ ತೆರೆದು ನಿಂತುಬಿಟ್ಟಳು. ಹಿಂದಿನ ಸಾಲಿನಲ್ಲಿದ್ದ ಶಾಲೆಯ ಟೀಚರ್ ತಡಮಾಡದೆ ಪಲ್ಲವಿ ಎತ್ತಿಕೊಂಡರು. ಮೇಳ ಸೇರಿಕೊಂಡಿತು. ನಾನು ಹಾರ್ಮೋನಿಯಂ ಅನ್ನು ಪಲ್ಲವಿಗೆ ತಿರುಗಿಸಿದೆ, ತಬಲಾದವನು ನಕ್ಕ. ನಾಯಕಿಗೆ ಅಷ್ಟರಲ್ಲಿ ಚರಣ ನೆನಪಾಯಿತು. ಜನ ಅದೂ ನಾಟಕದ್ದೇ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆ ನಾಯಕಿ, ಆ ಟೀಚರ್ ಇಬ್ಬರೂ ಇವತ್ತು ಸಂತೆಯಲ್ಲಿ ಸಿಕ್ಕರೆ ‘ಊಟ ಆಯ್ತಾ’ ಬಿಟ್ಟು ಬೇರೆ ಮಾತಾಡಲ್ಲ. ಅದಕ್ಕೇನಂತೆ?

ನಾಟಕವನ್ನೇ ಕಸುಬು ಮಾಡಿಕೊಂಡ ಕಂಪನಿ, ತಂಡಗಳ ಕಥೆ ಬೇರೆ. ನಮ್ಮೂರಿನ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯಲ್ಲಿ ಮನೆಯವರೇ ಬಣ್ಣ ಹಚ್ಚುತ್ತಿದ್ದರು. ಅವರ ಮಗಳು, ನಟಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಸಾಣೇಹಳ್ಳಿಯ ನಾಟಕ ತಂಡ ಶಿವಸಂಚಾರ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ಊರೂರು ತಿರುಗುತ್ತಿದೆ. ಒಟ್ಟಿಗೆ ಊಟ, ಒಟ್ಟಿಗೆ ಪ್ರಯಾಣ. ಅವರು ಬೇಡ ಅಂದರೂ ನಂಟು ಬಿಡಲ್ಲ. ನಿಮಗೆ ಬೆಳಗಾದರೆ ಕ್ಯಾಶ್ ಕೌಂಟರ್!

ಗುಂಪಿನಲ್ಲಿ ‘ಯಾಕೆ ಎಲ್ಲ ಸುಮ್ನಿದ್ದೀರಿ’ ಅಂತ ಕೇಳಬೇಡಿ. ಹಾರ್ಮೋನಿಯಂ ಇರುವವರ ಮನೆಗೆ ಮಂಡಕ್ಕಿ-ಮಿರ್ಚಿ ತರಿಸಿ, ಹಾಡೋಕೆ ಬನ್ನಿ ಅನ್ನಿ. ಎಲ್ಲರೂ ಬರಲ್ಲ. ಫೋಟೊದಲ್ಲಿ ಮುಂದೆ ನಿಂತವರಂತೂ ಬರುವುದೇ ಇಲ್ಲ. ಬಂದವರನ್ನು ಇಟ್ಟುಕೊಂಡು ಮುಂದಿನ ನಾಟಕ ಹಿಡಿಯಿರಿ.

ನಮ್ಮೂರ ಪೌರಾಣಿಕ ನಾಟಕದಲ್ಲಿ ಕೃಷ್ಣ, ದುರ್ಯೋಧನ ಆಡುವ ಇಬ್ಬರ ಮನೆಗೂ ಬದುವಿನ ಜಗಳ. ಮಾತಿಲ್ಲ ಕಥೆಯಿಲ್ಲ. ಸಂಧಾನದ ದೃಶ್ಯ ಕೂರುತ್ತಲೇ ಇಲ್ಲ. ಮೊದಲು ರಾಜಿ ಮಾಡಿಸಬೇಕಾ?
– ಓದುಗ, ಹೊಸದುರ್ಗ ತಾಲೂಕು

ಬೇಡ ತಮ್ಮಾ. ರಾಜಿ ಪಂಚಾಯ್ತಿ ಶುರು ಮಾಡಿದರೆ ನಾಟಕ ಮುಂದಿನ ಜಾತ್ರೆಗೆ ಹೋಗುತ್ತದೆ. ಮಾತು ಬಿಟ್ಟು ಹಾಡಿನಿಂದ ಶುರು ಮಾಡಿ. ದುರ್ಯೋಧನ ಪಂಚಮದಲ್ಲಿ, ಅಂದರೆ ‘ಪ’ ಸ್ವರದಲ್ಲಿ ನಿಲ್ಲಿಸಲಿ, ಕೃಷ್ಣ ಅದೇ ಪಂಚಮದಿಂದ ಎತ್ತಿಕೊಳ್ಳಲಿ. ನಡುವೆ ಹಾರ್ಮೋನಿಯಂ ನುಡಿಸಬೇಡಿ. ಆಗ ಅವನ ದನಿ ಇವನು ಕೇಳಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ಶ್ರುತಿ ತಪ್ಪಿ ಊರ ಮುಂದೆ ಮರ್ಯಾದೆ ಹೋಗುತ್ತದೆ. ಮರ್ಯಾದೆ ವಿಷಯ ಬಂದರೆ ಇಬ್ಬರೂ ಮನೆ ಹಿಂದೆ ಗುಟ್ಟಾಗಿ ಅಭ್ಯಾಸ ಮಾಡುತ್ತಾರೆ, ನೋಡ್ತಾ ಇರಿ. ಹೇಗೂ ಆ ದೃಶ್ಯದಲ್ಲಿ ಸಂಧಾನ ಮುರಿದುಬೀಳುತ್ತದೆ, ಅವರ ಸಿಟ್ಟು ಅಲ್ಲಿ ಉಪಯೋಗಕ್ಕೇ ಬರುತ್ತದೆ. ಬದುವನ್ನು ಸರ್ವೆಯವರು ಅಳೆಯಲಿ.

ನಮ್ಮ ತಂಡದಲ್ಲಿ ಒಬ್ಬನಿಗೇ ‘ಒನ್ಸ್ ಮೋರ್’ ಬೀಳುತ್ತದೆ. ಉಳಿದವರು ಮುಖ ಊದಿಸಿಕೊಳ್ಳುತ್ತಾರೆ. ಏನು ಮಾಡೋಣ?
– ಓದುಗ, ಹರಿಹರ

ಅವನ ಹಾಡಿನ ಪಲ್ಲವಿಯನ್ನು ಕೊನೆಗೆ ಮೇಳಕ್ಕೆ ಕೊಟ್ಟುಬಿಡಿ. ಆಗ ಒನ್ಸ್ ಮೋರ್ ಎಲ್ಲರದ್ದೂ ಆಗುತ್ತದೆ. ಇನ್ನೊಂದು: ಒಂದು ಹಾಡಿಗೆ ಒಂದೇ ಸಲ, ಅದೂ ಪಲ್ಲವಿ ಮಾತ್ರ ಅಂತ ತಾಲೀಮಿನಲ್ಲೇ ತೀರ್ಮಾನ ಮಾಡಿಕೊಳ್ಳಿ. ಇಲ್ಲಾಂದ್ರೆ ಬೆಳಗಿನ ಜಾವಕ್ಕೆ ಗದಾಯುದ್ಧ ಬರುವ ಹೊತ್ತಿಗೆ ಚಾಪೆ ಮೇಲೆ ಎಚ್ಚರ ಇರುವವರು ಸೀನರಿ ಬಾಡಿಗೆಯವನೊಬ್ಬನೇ, ಅವನೂ ದುಡ್ಡಿಗೆ ಕಾಯುತ್ತಿರುತ್ತಾನೆ.