ಹಗ್ಗದ ಮೇಲಿನ ಕೆಲಸಕ್ಕೆ ಎಂಥ ದೇಹ, ಎಂಥ ತರಬೇತಿ ಬೇಕು?

ಹೊರವರ್ತುಲ ರಸ್ತೆ ಮತ್ತು ವೈಟ್‌ಫೀಲ್ಡ್ ಕಡೆಯ ಗಾಜಿನ ಕಟ್ಟಡಗಳನ್ನು ಹಗ್ಗಕ್ಕೆ ಜೋತುಬಿದ್ದು ತೊಳೆಯುವ, ಬಣ್ಣ ಬಳಿಯುವ, ಬಿರುಕು ಮುಚ್ಚುವ ಕೆಲಸವನ್ನು ‘ರೋಪ್ ಆಕ್ಸೆಸ್’ ಎನ್ನುತ್ತಾರೆ. ಈ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಲಾಗಿದೆ. ಓದುಗರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನಗೆ 22 ವರ್ಷ. ಪಿಯುಸಿ ಓದಿದ್ದೇನೆ, ಪೇಂಟಿಂಗ್ ಗುತ್ತಿಗೆದಾರರೊಬ್ಬರ ಬಳಿ ಕೆಲಸ ಮಾಡುತ್ತಿದ್ದೇನೆ. ರೋಪ್ ಆಕ್ಸೆಸ್ ಕಲಿಯುವ ಆಸೆಯಿದೆ. ತೋಳಿನಲ್ಲಿ ಬಲವಿಲ್ಲ, ಮೊದಲು ಜಿಮ್‌ಗೆ ಹೋಗು ಎಂದು ಸ್ನೇಹಿತರು ಹೇಳುತ್ತಾರೆ. ತರಬೇತಿ ಹೇಗಿರುತ್ತದೆ?
— ಪೀಣ್ಯ

ಉತ್ತರ: ನಿಮ್ಮ ಸ್ನೇಹಿತರ ಮಾತು ಅರ್ಧ ಮಾತ್ರ ಸರಿ. ಹಗ್ಗ ಏರುವುದು ತೋಳಿನ ಕೆಲಸ ಎಂದೇ ಹೊಸಬರೆಲ್ಲ ಭಾವಿಸುತ್ತಾರೆ. ಎದೆಯ ಬಳಿ ಒಂದು ಹಿಡಿಕೆ ಸಾಧನ, ಕೈಯಲ್ಲಿ ಇನ್ನೊಂದು, ಆ ಕೈಸಾಧನದಿಂದ ಇಳಿಬಿಟ್ಟ ಪಟ್ಟಿಯೊಳಗೆ ಪಾದ. ಇದು ಏರುವ ವ್ಯವಸ್ಥೆ. ಎರಡೂ ಸಾಧನಗಳು ಹಗ್ಗದ ಮೇಲೆ ಮೇಲಕ್ಕೆ ಮಾತ್ರ ಸರಿಯುತ್ತವೆ, ಕೆಳಕ್ಕೆ ಜಾರುವುದಿಲ್ಲ. ಕಲಿಯದವನು ಕೈಯಿಂದ ತನ್ನನ್ನೇ ಎಳೆದುಕೊಳ್ಳಲು ಹೋಗಿ ಹತ್ತು ಮೀಟರ್ ಏರುವಷ್ಟರಲ್ಲಿ ಮುಂದೋಳು ಬಿಗಿದು ನಿಂತುಬಿಡುತ್ತಾನೆ. ಕಲಿತವನು ಹಿಮ್ಮಡಿಯನ್ನು ಪೃಷ್ಠದ ಅಡಿಗೆ ಮಡಚಿ ತಂದು, ಹಗ್ಗಕ್ಕೆ ಮೈಯನ್ನು ಒತ್ತಿ, ಕುರ್ಚಿಯಿಂದೇಳುವಂತೆ ಕಾಲಿನ ಬಲದಿಂದ ಎದ್ದು ನಿಲ್ಲುತ್ತಾನೆ. ಆಗ ಎದೆಯ ಸಾಧನ ಅಡಿಯಷ್ಟು ಮೇಲೆ ಸರಿದು ಅಲ್ಲೇ ಕಚ್ಚಿಕೊಳ್ಳುತ್ತದೆ, ಆತ ಕೂತು ಉಸಿರಾಡಿಕೊಳ್ಳುತ್ತಾನೆ. ಆದ್ದರಿಂದ ತಯಾರಿ ಬೇಕೆಂದರೆ ಮೆಟ್ಟಿಲು ಹತ್ತಿ, ಬಸ್ಕಿ ಹೊಡೆಯಿರಿ. ತೋಳಿನ ಸ್ನಾಯು ಉಬ್ಬಿಸಿಕೊಂಡು ಬರಬೇಕಾಗಿಲ್ಲ.

ಜಗತ್ತಿನ ಹೆಚ್ಚಿನ ಕಡೆ ಮಾನ್ಯವಾಗಿರುವುದು ಬ್ರಿಟನ್ ಮೂಲದ ‘ಐರಾಟಾ’ ಸಂಸ್ಥೆಯ ಮೂರು ಹಂತದ ಪ್ರಮಾಣಪತ್ರ. ವಯಸ್ಸು ಕನಿಷ್ಠ 18 ಆಗಿರಬೇಕು. ಕನಿಷ್ಠ ನಾಲ್ಕು ದಿನ ತರಬೇತಿ, ಐದನೆಯ ದಿನ ಪರೀಕ್ಷೆ. ಪರೀಕ್ಷಕರು ತರಬೇತಿ ಕೊಟ್ಟ ಕಂಪನಿಗೆ ಸೇರಿದವರಾಗಿರಬಾರದು, ಮತ್ತು ಈ ಪದ್ಧತಿ ನಂಬಿಕೆ ಉಳಿಸಿಕೊಂಡಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಭಾವನೆ. ಗಂಟುಗಳು, ಏರಿಳಿತ, ಒಂದು ಜೋಡಿ ಹಗ್ಗದಿಂದ (ಕೆಲಸಕ್ಕೊಂದು, ರಕ್ಷಣೆಗೊಂದು) ಇನ್ನೊಂದು ಜೋಡಿಗೆ ದಾಟುವುದು, ಹಗ್ಗದ ನಡುವಿನ ಗಂಟನ್ನು ಹಾಯುವುದು, ಗೋಡೆಯಂಚನ್ನು ದಾಟುವುದು ಇವೆಲ್ಲವೂ ಇರುತ್ತವೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು, ಹಗ್ಗದಲ್ಲಿ ಅಸ್ವಸ್ಥನಾಗಿ ನೇತಾಡುತ್ತಿರುವ ಸಹೋದ್ಯೋಗಿಯ ಬಳಿಗೆ ಹೋಗಿ, ಅವನ ಭಾರವನ್ನು ನಿಮ್ಮ ಸಾಧನಕ್ಕೆ ವರ್ಗಾಯಿಸಿಕೊಂಡು, ಇಬ್ಬರೂ ಸುರಕ್ಷಿತವಾಗಿ ನೆಲಕ್ಕಿಳಿಯುವುದು. ಮೊದಲ ಹಂತದವರಿಗೂ ಇದು ಕಡ್ಡಾಯ. ಒಂದು ಕ್ಷಣವಾದರೂ ಒಂದೇ ಆಧಾರದ ಮೇಲೆ ನೇತಾಡಿದರೆ ಅದು ದೊಡ್ಡ ತಪ್ಪು. ಅಂಥ ಒಂದೇ ತಪ್ಪಿಗೆ ಅನುತ್ತೀರ್ಣರಾಗುತ್ತೀರಿ.

ಎರಡನೆಯ ಹಂತಕ್ಕೇರಲು ಕನಿಷ್ಠ 12 ತಿಂಗಳ ಅವಧಿ ಮತ್ತು 1000 ಗಂಟೆಗಳ ಕೆಲಸ ಬೇಕು. ಮೂರನೆಯ ಹಂತಕ್ಕೆ ಮತ್ತೆ ಅಷ್ಟೇ ಅವಧಿ, ಅಷ್ಟೇ ಗಂಟೆ, ಜೊತೆಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ. ಈ ಗಂಟೆಗಳನ್ನು ಲಾಗ್‌ಬುಕ್‌ನಲ್ಲಿ ಬರೆದು ಮೇಲ್ವಿಚಾರಕರ ಸಹಿ ಪಡೆಯಬೇಕು. ಮಾಡದ ಕೆಲಸವನ್ನು ಬರೆದುಕೊಳ್ಳುವ ಆಮಿಷ ಎದುರಾದೀತು. ಮೇಲ್ವಿಚಾರಕನಾದ ದಿನ ಇನ್ನೊಬ್ಬನ ಜೀವ ನಿಮ್ಮ ಆ ಸುಳ್ಳು ಗಂಟೆಗಳನ್ನೇ ನಂಬಿಕೊಂಡಿರುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು. ಈಗ ಮಾತ್ರೆ ನಿಲ್ಲಿಸಿ ಬಹಳ ವರ್ಷಗಳಾಗಿವೆ. ತರಬೇತಿ ಸಂಸ್ಥೆಯ ಅರ್ಜಿಯಲ್ಲಿ ಇದನ್ನು ಬರೆಯಲೇಬೇಕೆ? ಬರೆದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಭಯವಿದೆ.
— ಯಲಹಂಕ

ಉತ್ತರ: ಬರೆಯಲೇಬೇಕು. ಮೂರ್ಛೆ, ಪ್ರಜ್ಞೆ ತಪ್ಪುವುದು, ಹೃದ್ರೋಗ ಅಥವಾ ಎದೆನೋವು, ಹತೋಟಿಗೆ ಬಾರದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಲೆಸುತ್ತು ಹಾಗೂ ಸಮತೋಲನದ ತೊಂದರೆ, ಎತ್ತರದ ಭಯ, ಕೈಕಾಲುಗಳ ಊನ, ಮಾನಸಿಕ ಕಾಯಿಲೆ, ಮದ್ಯ ಅಥವಾ ಮಾದಕ ವಸ್ತುವಿನ ಚಟ ಇವೆಲ್ಲವನ್ನೂ ಈ ಕೆಲಸಕ್ಕೆ ಅಡ್ಡಿಯಾಗಬಲ್ಲ ಸ್ಥಿತಿಗಳೆಂದು ಪರಿಗಣಿಸಲಾಗುತ್ತದೆ. ನೆಲದ ಮೇಲೆ ಒಂದು ನಿಮಿಷ ಪ್ರಜ್ಞೆ ತಪ್ಪಿದರೆ ನೀರು ಚಿಮುಕಿಸಿ ಎಬ್ಬಿಸುತ್ತಾರೆ. ಹಾರ್ನೆಸ್‌ನಲ್ಲಿ (ಮೈಗೆ ಬಿಗಿದುಕೊಳ್ಳುವ ಪಟ್ಟಿಗಳ ಕವಚ) ನೇತಾಡುವಾಗ ಹಾಗಾದರೆ ಕಾಲುಗಳ ಅಲುಗಾಟ ನಿಲ್ಲುತ್ತದೆ, ರಕ್ತ ಕಾಲಿನಲ್ಲೇ ತಂಗುತ್ತದೆ, ಮೆದುಳಿಗೆ ಹೋಗುವ ರಕ್ತ ಇಳಿಯುತ್ತದೆ, ಮತ್ತು ದೇಹ ನೆಟ್ಟಗೇ ಇರುವುದರಿಂದ ತಾನಾಗಿ ಚೇತರಿಸಿಕೊಳ್ಳಲು ಅವಕಾಶವಿಲ್ಲ. ಕೆಲವೇ ನಿಮಿಷಗಳಲ್ಲಿ ಅಪಾಯ ಒದಗಬಹುದು. ಅಗ್ನಿಶಾಮಕ ದಳ ಸಿಲ್ಕ್ ಬೋರ್ಡ್ ದಾಟಿ ಬರುವವರೆಗೆ ಕಾಯಲಾಗದು ಎಂಬ ಕಾರಣಕ್ಕೇ ರಕ್ಷಣೆಯ ಪಾಠವನ್ನು ಮೊದಲ ಹಂತದಲ್ಲೇ ಕಲಿಸುತ್ತಾರೆ.

ಹೀಗೆ ಇಳಿಸಿದವರನ್ನು ಮಲಗಿಸಬಾರದು, ಕೂರಿಸಿಯೇ ಇಡಬೇಕು ಎಂಬ ಸಲಹೆ ಹಿಂದೆ ಚಾಲ್ತಿಯಲ್ಲಿತ್ತು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ 2009ರಲ್ಲಿ ಪ್ರಕಟಿಸಿದ ಪರಿಶೀಲನೆ ಅದಕ್ಕೆ ಆಧಾರವಿಲ್ಲವೆಂದು ಹೇಳಿತು. ಮಲಗಿಸಿ, ಉಸಿರಾಟ ಗಮನಿಸಿ, ಎಂದಿನ ಪ್ರಥಮ ಚಿಕಿತ್ಸೆಯನ್ನೇ ಕೊಡಬೇಕು.

ನಿಮ್ಮ ತಮ್ಮನ ವಿಚಾರವನ್ನು ನರರೋಗ ತಜ್ಞರು ಪರೀಕ್ಷಿಸಿ ಬರೆದುಕೊಡುವ ಅಭಿಪ್ರಾಯದ ಮೇಲೆ ತೀರ್ಮಾನಿಸಬೇಕು. ಬಿಸಿಲು, ನಿದ್ರೆಗೇಡು, ಹೊತ್ತಿಗೆ ಸರಿಯಾಗಿ ಊಟವಿಲ್ಲದ ದಿನಚರಿ ಈ ಕೆಲಸದಲ್ಲಿ ಸಾಮಾನ್ಯವೆಂಬುದನ್ನು ವೈದ್ಯರಿಗೆ ತಿಳಿಸಿ. ‘ಆರೋಗ್ಯವಾಗಿದ್ದಾನೆ’ ಎಂಬ ಒಂದು ಸಾಲಿನ ಚೀಟಿ ಸಾಲದು.

ಪ್ರಶ್ನೆ: ನನ್ನ ತೂಕ 104 ಕೆಜಿ, ಎತ್ತರ ಆರಡಿ. ಅವಕಾಶವಿದೆಯೇ?
— ರಾಜಾಜಿನಗರ

ಉತ್ತರ: ಹಾರ್ನೆಸ್ ಮುಂತಾದ ಹಲವು ಸಾಧನಗಳನ್ನು 100 ಕೆಜಿ ಭಾರ ಹಾಕಿ ಪರೀಕ್ಷಿಸಿರುತ್ತಾರೆ. ಅದಕ್ಕಿಂತ ಹೆಚ್ಚು ಭಾರ ತಾಳುವ ಸಾಧನಗಳೂ ಸಿಗುತ್ತವೆ. ಪ್ರತಿಯೊಂದರ ತಯಾರಕರ ಕೈಪಿಡಿಯನ್ನು ನೋಡಿ, ಉಪಕರಣಗಳ ಚೀಲದ ತೂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ನಿಮ್ಮನ್ನು ಇಳಿಸಬೇಕಾದವನ ತೂಕ 58 ಕೆಜಿ ಇದ್ದರೆ ಅವನ ಕಷ್ಟವೇನು, ಇಬ್ಬರ ಭಾರವನ್ನು ಅವನ ಡಿಸೆಂಡರ್ (ಹಗ್ಗದಲ್ಲಿ ಇಳಿಯುವ ಸಾಧನ) ತಾಳುತ್ತದೆಯೇ ಎಂಬುದನ್ನೂ ಯೋಚಿಸಿ.

ಪ್ರಶ್ನೆ: ನಾನು ರಾಮನಗರದ ಬಂಡೆಗಳಲ್ಲಿ ಹಲವು ವರ್ಷಗಳಿಂದ ಶಿಲಾರೋಹಣ ಮಾಡುತ್ತಿದ್ದೇನೆ. ಹಗ್ಗ, ಗಂಟು ಎಲ್ಲ ಗೊತ್ತು. ನೇರವಾಗಿ ಕೆಲಸಕ್ಕೆ ಸೇರಬಹುದಲ್ಲವೇ?
— ಕೆಂಗೇರಿ

ಉತ್ತರ: ಈ ವಿದ್ಯೆ ಹುಟ್ಟಿದ್ದೇ ಗುಹಾನ್ವೇಷಕರ ಮತ್ತು ಪರ್ವತಾರೋಹಿಗಳ ಕೈಯಲ್ಲಿ, 1980ರ ದಶಕದಲ್ಲಿ ಉತ್ತರ ಸಮುದ್ರದ ತೈಲ ವೇದಿಕೆಗಳಿಗೆ ಹೋದ ಮೇಲೆ ಅದು ಉದ್ಯಮದ ರೂಪ ಪಡೆಯಿತು. ಹಾಗಾಗಿ ನಿಮಗೆ ಎತ್ತರದ ಅಭ್ಯಾಸ, ಗಂಟಿನ ಜ್ಞಾನ ಎರಡೂ ಲಾಭವೇ. ಆದರೂ ತರಬೇತಿಯಿಂದ ವಿನಾಯಿತಿಯಿಲ್ಲ. ಬಂಡೆಯ ಮೇಲೆ ಬೀಳುವುದು ಆಟದ ಭಾಗ, ಅದಕ್ಕೆಂದೇ ಹಿಗ್ಗುವ ಹಗ್ಗ. ಇಲ್ಲಿ ಹಿಗ್ಗು ಕಡಿಮೆಯಿರುವ ಹಗ್ಗ, ಅದೂ ಯಾವಾಗಲೂ ಎರಡು: ಒಂದು ಕೆಲಸಕ್ಕೆ, ಇನ್ನೊಂದು ರಕ್ಷಣೆಗೆ, ಎರಡಕ್ಕೂ ಬೇರೆ ಬೇರೆ ಆ್ಯಂಕರ್ (ಹಗ್ಗ ಬಿಗಿಯುವ ಗಟ್ಟಿ ನೆಲೆ). ಒಂದು ಹಗ್ಗದ ಮೇಲಿನ ವಿಶ್ವಾಸವನ್ನು ಮರೆಯುವುದೇ ಆರೋಹಿಗಳಿಗೆ ಕಷ್ಟವಾಗುವ ಪಾಠ. ಅಲ್ಲದೆ ಇಡೀ ದಿನ ಒಂದೇ ಭಂಗಿಯಲ್ಲಿ ಕೂತು ಡ್ರಿಲ್ಲಿಂಗ್ ಯಂತ್ರ ಹಿಡಿಯುವ ಬೆನ್ನುನೋವು ಬಂಡೆ ಹತ್ತಿದವರಿಗೂ ಹೊಸದು.

ಪ್ರಶ್ನೆ: ನಾನು ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಹೊರಗೋಡೆಯ ಬಣ್ಣಕ್ಕೆ ಗುತ್ತಿಗೆದಾರರು ಹಗ್ಗದ ತಂಡವನ್ನು ಕರೆತರುತ್ತಾರಂತೆ. ತರಬೇತಿಯಾದವರೆಂದು ತಿಳಿಯುವುದು ಹೇಗೆ?
— ಸರ್ಜಾಪುರ ರಸ್ತೆ

ಉತ್ತರ: ಪ್ರಮಾಣಪತ್ರದ ನಕಲನ್ನಷ್ಟೇ ನೋಡಬೇಡಿ, ಗುರುತುಪತ್ರದ ಸಂಖ್ಯೆಯನ್ನು ಐರಾಟಾ ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸಿ. ಪ್ರಮಾಣಪತ್ರದ ಅವಧಿ ಮೂರು ವರ್ಷ. ಸ್ಥಳದಲ್ಲಿ ಕನಿಷ್ಠ ಇಬ್ಬರಿರಬೇಕು, ಅವರಲ್ಲೊಬ್ಬರು ಮೂರನೆಯ ಹಂತದ ಮೇಲ್ವಿಚಾರಕರಾಗಿರಬೇಕು. ಕಾರ್ಮಿಕರು ಹಗ್ಗ ಕಟ್ಟುವ ಬೆಳಿಗ್ಗೆ ನೀವೇ ತಾರಸಿಗೆ ಹೋಗಿ. ಹಗ್ಗವನ್ನು ನೀರಿನ ಟ್ಯಾಂಕಿನ ಕೊಳವೆಗೋ ಸೋಲಾರ್ ಚೌಕಟ್ಟಿಗೋ ಬಿಗಿದಿದ್ದರೆ ಕೆಲಸ ನಿಲ್ಲಿಸಿ. ಕಾಂಕ್ರೀಟ್ ಕಂಬ ಅಥವಾ ಪರೀಕ್ಷಿಸಿದ ಆ್ಯಂಕರ್‌ಗಳೇ ಬೇಕು. ಪ್ಯಾರಪೆಟ್ ಗೋಡೆಯ ಅಂಚಿಗೆ ಹಗ್ಗ ಉಜ್ಜುವಲ್ಲಿ ದಪ್ಪ ಹೊದಿಕೆ ಇದೆಯೇ, ಹಗ್ಗದ ಕೆಳತುದಿಯಲ್ಲಿ ತಡೆಗಂಟು ಇದೆಯೇ ನೋಡಿ. ಆ ಗಂಟಿಲ್ಲದಿದ್ದರೆ ಇಳಿಯುತ್ತ ಇಳಿಯುತ್ತ ಹಗ್ಗದ ತುದಿಯಿಂದಲೇ ಹೊರಬೀಳುವ ಅಪಾಯವಿದೆ. ಒಂದೇ ನೈಲಾನ್ ಹಗ್ಗ, ಅದಕ್ಕೊಂದು ಮರದ ಹಲಗೆ ಕಂಡರೆ ಅದು ರೋಪ್ ಆಕ್ಸೆಸ್ ಅಲ್ಲ, ಬೆಲೆ ಎಷ್ಟೇ ಕಡಿಮೆಯಿರಲಿ.

‘ಯಾರಾದರೂ ಅರ್ಧದಲ್ಲಿ ಪ್ರಜ್ಞೆ ತಪ್ಪಿದರೆ ಹೇಗೆ ಇಳಿಸುತ್ತೀರಿ?’ ಎಂದು ಮೇಲ್ವಿಚಾರಕರನ್ನು ಕೇಳಿ. ತರಬೇತಾದವರು ಯಾವ ಹಗ್ಗ, ಯಾವ ಸಾಧನ, ಯಾರು ಹೋಗುತ್ತಾರೆ ಎಂದು ತೋರಿಸಿಯೇ ಹೇಳುತ್ತಾರೆ. ‘ಹಾಗೇನೂ ಆಗಲ್ಲ ಸಾರ್’ ಎಂಬ ಉತ್ತರ ಬಂದರೆ ನಿಮಗೆ ಬೇಕಾದ ಮಾಹಿತಿ ಸಿಕ್ಕಂತೆಯೇ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಗುಡುಗುಮಳೆಗೆ ಕೆಲಸ ನಿಲ್ಲಿಸಿದರೆ ದಿನದ ಕೂಲಿ ಕಡಿಯಬೇಡಿ, ಗಡುವಿಗಾಗಿ ಒತ್ತಾಯಿಸಲೂ ಬೇಡಿ.

ಪ್ರಶ್ನೆ: ಮೊದಲ ಹಂತ ಮುಗಿಸಿದ್ದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಹತ್ತು ತಿಂಗಳು ಹಗ್ಗ ಮುಟ್ಟಿಲ್ಲ. ಪ್ರಮಾಣಪತ್ರದ ಅವಧಿ ಇನ್ನೂ ಇದೆ. ಕೆಲಸಕ್ಕೆ ಮರಳಬಹುದೇ?
— ಹೆಬ್ಬಾಳ

ಉತ್ತರ: ನೇರವಾಗಿ ಬೇಡ. ಆರು ತಿಂಗಳಿಗಿಂತ ಹೆಚ್ಚು ಕಾಲ ಹಗ್ಗದಿಂದ ದೂರವಿದ್ದವರು ಕೆಲಸಕ್ಕೆ ಮೊದಲು ಮರುತರಬೇತಿ ಪಡೆಯಬೇಕೆಂಬ ನಿಯಮವಿದೆ. ಅದಕ್ಕೂ ಮುನ್ನ ಶಸ್ತ್ರಚಿಕಿತ್ಸಕರ ಬಳಿ ಹೋಗಿ, ‘ನಡೆಯಬಹುದೇ’ ಎಂದು ಕೇಳುವ ಬದಲು ಒಂದೇ ಕಾಲಿನ ಮೇಲೆ ಇಡೀ ಭಾರ ಹಾಕಿ ನೂರಾರು ಬಾರಿ ಏಳಬಹುದೇ ಎಂದು ಕೇಳಿ. ಅವರು ಒಪ್ಪಿದ ಮೇಲೆ ತರಬೇತಿ ಅಂಗಳದ ತಗ್ಗು ಹಗ್ಗದಲ್ಲಿ ಆರಂಭಿಸಿ. ರಕ್ಷಣೆಯ ಅಭ್ಯಾಸವನ್ನು ಮೊದಲ ದಿನವೇ ಮಾಡಿ, ಏಕೆಂದರೆ ಬಿಟ್ಟರೆ ಬೇಗ ಮರೆಯುವುದು ಅದೇ.