ಒಡೆದರೇ ಫಲ ಕೊಡುವ ಗುಳಿಗೆ

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ದೊಡ್ಡ ಕರುಳಿನ ಹುಣ್ಣಿಗೆ, ಅಂದರೆ ಅಲ್ಸರೇಟಿವ್ ಕೊಲೈಟಿಸ್‌ಗೆ, ಎರಡು ತಿಂಗಳಿಂದ ಸಲ್ಫಸಲಜೀನ್ ನುಂಗುತ್ತಿದ್ದೇನೆ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದುಹಾಕುತ್ತವೆ ಎಂದು ತಿಳಿಯಿತು. ಹಾಗಾದರೆ ಗುಳಿಗೆ ವ್ಯರ್ಥವಾಗುತ್ತಿದೆಯೇ? ಆಗಾಗ ತಲೆನೋವೂ ಬರುತ್ತಿದೆ.”

ದಯವಿಟ್ಟು ಗಾಬರಿಯಾಗಬೇಡಿ. ಬ್ಯಾಕ್ಟೀರಿಯಾಗಳು ಒಡೆಯದೆ ಹೋದರೇ ಈ ಗುಳಿಗೆ ವ್ಯರ್ಥ. ಸಲ್ಫಾಪಿರಿಡಿನ್ ಮತ್ತು ಮೆಸಲಜೀನ್ ಎಂಬ ಎರಡು ವಸ್ತುಗಳನ್ನು ಅಜೋ ಬಂಧವೆಂಬ ರಾಸಾಯನಿಕ ಕೊಂಡಿಯಿಂದ ಬೆಸೆದರೆ ಸಲ್ಫಸಲಜೀನ್ ಆಗುತ್ತದೆ. ಮೆಸಲಜೀನನ್ನು ಹಾಗೆಯೇ ನುಂಗಿದರೆ ಅದರ ಹೆಚ್ಚಿನ ಪಾಲನ್ನು ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ಕೊಂಡಿ ಗಟ್ಟಿಯಾಗಿರುವ ಜೋಡಿಯಾದರೋ ಬಹುಮಟ್ಟಿಗೆ ದೊಡ್ಡ ಕರುಳಿನವರೆಗೂ ಬರುತ್ತದೆ. ಒಂದು ಗ್ರಾಂ ಮಲದಲ್ಲಿ ಸುಮಾರು 10,000 ಕೋಟಿ ಬ್ಯಾಕ್ಟೀರಿಯಾಗಳಿರುವ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿರುವ ಆ ಜಾಗದಲ್ಲಿ ಅವುಗಳ ಕಿಣ್ವಗಳು ಕೊಂಡಿಯನ್ನು ಕತ್ತರಿಸುತ್ತವೆ, ಮತ್ತು ಹುಣ್ಣಿರುವಲ್ಲಿಯೇ ಮೆಸಲಜೀನ್ ಬಿಡುಗಡೆಯಾಗುತ್ತದೆ. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಇದೇ ಔಷಧ ಕೊಟ್ಟಾಗ ಅದು ಒಡೆಯದೆ ಹಾಗೆಯೇ ಹೊರಬಿತ್ತು ಎಂಬುದು 1970ರ ದಶಕದ ಆರಂಭದಲ್ಲೇ ಕಂಡುಬಂದಿದೆ.

ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಈ ಔಷಧವನ್ನು ರೂಪಿಸಲು ಹೊರಟಾಗ ಅವರ ಮನಸ್ಸಿನಲ್ಲಿದ್ದದ್ದು ಸಂಧಿವಾತ. ಆ ಕಾಯಿಲೆಗೆ ಸೋಂಕು ಕಾರಣವಿರಬಹುದೆಂದು ಭಾವಿಸಿ, ಸೋಂಕಿಗೆ ಸಲ್ಫಾ (ಸಲ್ಫಾಪಿರಿಡಿನ್), ಉರಿಯೂತಕ್ಕೆ ಸ್ಯಾಲಿಸಿಲೇಟ್ (ಮೆಸಲಜೀನ್ ಈ ಗುಂಪಿನದೇ) ಎಂದು ಅವರು ಎರಡನ್ನೂ ಕೂಡಿಸಿದ್ದರು. ಕರುಳಿಗೆ ಗುಣ ಕೊಡುವುದು ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ 1977ರಲ್ಲಿ. ಆಕ್ಸ್‌ಫರ್ಡಿನಲ್ಲಿ ಆಜಾದ್ ಖಾನ್ ಮತ್ತು ಸಂಗಡಿಗರು ಮೂಲ ಔಷಧವನ್ನೂ ಅದರ ಎರಡು ಭಾಗಗಳನ್ನೂ ಬೇರೆಬೇರೆ ರೋಗಿಗಳಿಗೆ ಎನಿಮಾ ಮೂಲಕ ನೇರವಾಗಿ ಕರುಳಿಗೇ ಕೊಟ್ಟು ಹೋಲಿಸಿದರು. ಮೆಸಲಜೀನ್ ಮೂಲ ಔಷಧದಷ್ಟೇ ಕೆಲಸ ಮಾಡಿತು. ಸಲ್ಫಾ ಭಾಗ ಅಷ್ಟು ಮಾಡಲಿಲ್ಲ. ಈ ಪ್ರಯೋಗದ ಸರಳತೆಯನ್ನು ನಾನು ಬಹಳ ಮೆಚ್ಚುತ್ತೇನೆ.

ನಿಮ್ಮ ತಲೆನೋವಿನ ವಿಷಯವೂ ಇಲ್ಲಿಗೇ ಬರುತ್ತದೆ. ಕೊಂಡಿ ಕಳಚಿದ ಮೇಲೆ ಸಲ್ಫಾಪಿರಿಡಿನ್ ರಕ್ತ ಸೇರುತ್ತದೆ. ತಲೆನೋವು, ವಾಕರಿಕೆಯಂಥ ತೊಂದರೆಗಳು ಬಹಳಷ್ಟು ಸಲ ಅದರಿಂದಲೇ ಬರುತ್ತವೆ. ಗಂಡಸರಲ್ಲಿ ವೀರ್ಯಾಣುಗಳೂ ಕಡಿಮೆಯಾಗಬಹುದು, ಆದರೆ ಔಷಧ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಅದು ಸರಿಹೋಗುತ್ತದೆ. ಸಲ್ಫಾದ ಬದಲು ನಿರುಪದ್ರವಿ ವಾಹಕವನ್ನು ಬೆಸೆದ ಬಾಲ್ಸಲಜೈಡ್ ಇದೆ, ಮೇಲ್ಲೇಪವಿರುವ ಮೆಸಲಜೀನ್ ಗುಳಿಗೆಗಳೂ ಇವೆ. ಇವುಗಳಲ್ಲಿ ಒಂದು ನಿಮಗೆ ಹೊಂದೀತೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ನೀವಾಗಿಯೇ ಗುಳಿಗೆ ಬಿಡಬೇಡಿ. ಜ್ವರವೆಂದು ಔಷಧದಂಗಡಿಯಿಂದ ನೇರವಾಗಿ ಆ್ಯಂಟಿಬಯೋಟಿಕ್ ತಂದು ನುಂಗುವುದೂ ಬೇಡ, ಏಕೆಂದರೆ ನಿಮ್ಮ ಗುಳಿಗೆಯನ್ನು ಒಡೆಯಬೇಕಾದ ಬ್ಯಾಕ್ಟೀರಿಯಾಗಳನ್ನೇ ಅದು ಕಡಿಮೆ ಮಾಡಬಹುದು.