ಎಚ್. ಪೈಲೋರಿಗೆ ಒಂದೇ ಆಂಟಿಬಯಾಟಿಕ್ ಯಾಕೆ ಸಾಕಾಗಲ್ಲ?

ಈ ಬ್ಯಾಕ್ಟೀರಿಯಾ ಹೊಟ್ಟೆಯ ಲೋಳೆ ಪದರದೊಳಗೆ ಅವಿತ್ಕೊಂಡಿರತ್ತೆ, ಔಷಧಿ ಅಲ್ಲಿ ತನಕ ತಲುಪೋದೇ ಒಂದು ತಲೆನೋವು. ತಲುಪಿದ್ರೂ ಕಥೆ ಮುಗಿಯಲ್ಲ. ಉದಾಹರಣೆಗೆ ಮೆಟ್ರೊನಿಡಜೋಲ್ ಅನ್ನೋ ಆಂಟಿಬಯಾಟಿಕ್ ನೋಡಿ, ಅದು ಬರೀ ಒಳಗೆ ಹೋದ್ರೆ ಏನೂ ಆಗಲ್ಲ, ಬ್ಯಾಕ್ಟೀರಿಯಾದ್ದೇ ಆರ್‌ಡಿಎಕ್ಸ್‌ಎ ಅನ್ನೋ ಕಿಣ್ವ ಅದನ್ನ ವಿಷ ಮಾಡತ್ತೆ, ಆ ವಿಷ ಡಿಎನ್‌ಎ ಹಾಳು ಮಾಡತ್ತೆ, ಒಂಥರಾ ತನ್ನ ಗುಂಡಿ ತಾನೇ ತೋಡ್ಕೊಂಡ ಹಾಗೆ. ಆ ಕಿಣ್ವದ ಜೀನ್ ಕೆಟ್ಟೋದ್ರೆ ಸಾಮಾನ್ಯವಾಗಿ ಮಾತ್ರೆ ದಂಡ. ಕ್ಲಾರಿಥ್ರೋಮೈಸಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್‌ದು ಬೇರೆ ಕಥೆ: ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸೋ ಯಂತ್ರವಾದ ರೈಬೋಸೋಮ್‌ನ ಒಂದು ಭಾಗ, 23ಎಸ್ ಆರ್‌ಎನ್‌ಎಯಲ್ಲಿ 2143ನೇ ಜಾಗದಲ್ಲಿ ಒಂದಕ್ಷರ ಬದಲಾದ್ರೂ ಔಷಧಿ ಸರಿಯಾಗಿ ಅಂಟ್ಕೊಳಲ್ಲ. ಮೂರನೇ ಆಂಟಿಬಯಾಟಿಕ್ ಅಮಾಕ್ಸಿಸಿಲಿನ್‌ಗೆ ರೆಸಿಸ್ಟೆನ್ಸ್, ಅಂದ್ರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದೇ ಇರೋದು, ಕಮ್ಮಿ, ಆದ್ರೆ ಅದು ಬೆಳೀತಾ ಇರೋ ಬ್ಯಾಕ್ಟೀರಿಯಾನ ಮಾತ್ರ ಕೊಲ್ಲೋದು, ಅದಕ್ಕೇ ಜೊತೆಗೆ ಗ್ಯಾಸ್ ಮಾತ್ರೆ ಅಂತ ನಾವು ಕರೆಯೋ ಪಿಪಿಐ ಕೊಟ್ಟು ಆಸಿಡ್ ಇಳಿಸ್ತಾರೆ, ಆಸಿಡ್ ಇಳಿದ್ರೆ ಇವು ಮೈಮರೆತು ಬೆಳೆಯೋಕೆ ಶುರು ಮಾಡ್ತವೆ. ಹೀಗೆ ಒಂದೊಂದು ಔಷಧಿಗೂ ಒಂದೊಂದು ಕೊರತೆ ಇರೋದ್ರಿಂದಲೇ ಒಂದೇ ಸಾಕಾಗಲ್ಲ.